ಕಡಲೆ ಹೊಲ, ಕೆಂಪು ಪಾಚಿ, ಒಂದು ಹರಳು

ಕೇಳುಗರೆಲ್ಲರಿಗೂ ನಮಸ್ಕಾರ.

ಹಿಂಗಾರಿನಲ್ಲಿ ನಮ್ಮ ವಿಜಯಪುರದ ಎರೆಹೊಲಗಳಲ್ಲಿ ಬಿಳಿಜೋಳ ಇರುತ್ತದೆ, ಪಕ್ಕದಲ್ಲೇ ಕಡಲೆ. ಗಾಳಿಯಿಂದ ಇಂಗಾಲ ಹಿಡಿಯುವ ಆಳು ಎರಡರಲ್ಲೂ ಒಬ್ಬನೇ. ಹೆಸರು ರುಬಿಸ್ಕೋ. ಎಲೆಯೊಳಗಿನ ಒಂದು ಕಿಣ್ವ, ಅಂದರೆ ರಾಸಾಯನಿಕ ಕೆಲಸ ಮಾಡಿಸುವ ಪ್ರೋಟೀನು. ನಮ್ಮ ರೊಟ್ಟಿ, ಪಲ್ಯ, ಎಮ್ಮೆಯ ಹಾಲು ಎಲ್ಲವೂ ಮೊದಲು ಇವನ ಕೈ ದಾಟಿಯೇ ಬಂದದ್ದು.

ಆದರೆ ಆಳು ಬಹಳ ನಿಧಾನ. ಎಷ್ಟೋ ಕಿಣ್ವಗಳು ಸೆಕೆಂಡಿಗೆ ಸಾವಿರಗಟ್ಟಲೆ ಕೆಲಸ ಮುಗಿಸುತ್ತವೆ. ಇವನದು ಮೂರೋ ನಾಲ್ಕೋ. ಮೇಲಾಗಿ ತಪ್ಪು ಬೇರೆ ಮಾಡುತ್ತಾನೆ. ಗಾಳಿಯ 10,000 ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ನಾಲ್ಕೇ ನಾಲ್ಕು, ಆಮ್ಲಜನಕ ಸುಮಾರು 2,100. ಹೀಗಿರುವಾಗ ಆಮ್ಲಜನಕಕ್ಕೂ ಕೈ ಹಾಕಿಬಿಡುತ್ತಾನೆ. ಅದನ್ನು ಸರಿಪಡಿಸಲು ಗಿಡ ಕೂಡಿಟ್ಟ ಇಂಗಾಲದಲ್ಲೇ ಸ್ವಲ್ಪ ಕಳೆದುಕೊಳ್ಳಬೇಕು. ಬಿಸಿಲು ಏರಿದಷ್ಟೂ ತಪ್ಪು ಜಾಸ್ತಿ. ಜೋಳ, ಕಬ್ಬು ಜಾಣ ಬೆಳೆಗಳು. ಡೈಆಕ್ಸೈಡನ್ನು ಒಟ್ಟುಮಾಡಿ ಇವನ ಮುಂದೆ ಸುರಿಯುತ್ತವೆ. ಕಡಲೆಗೆ ಆ ಉಪಾಯ ಗೊತ್ತಿಲ್ಲ.

ಗಾಲ್ಡಿಯೇರಿಯಾ ಅಂತ ಒಂದು ಕೆಂಪು ಪಾಚಿ ಇದೆ. ಹೆಸರಿಗೆ ಕೆಂಪು, ನೋಡಲು ನೀಲಿ ಹಸಿರು! ಆಮ್ಲ ತುಂಬಿದ ಬಿಸಿನೀರಿನ ಬುಗ್ಗೆಗಳಲ್ಲಿ ಇದರ ವಾಸ. ಎರಡೂ ಅನಿಲ ಸಮಸಮ ಕೊಟ್ಟರೆ, ನಮ್ಮ ಬೆಳೆಗಳ ರುಬಿಸ್ಕೋ ಸುಮಾರು 80ರಿಂದ 100 ಸಲ ಸರಿಯಾಗಿ ಹಿಡಿದು ಒಂದು ಸಲ ತಪ್ಪುತ್ತದೆ. ಈ ಪಾಚಿಯದು 238 ಸಲಕ್ಕೆ ಒಂದು ತಪ್ಪು. ಯಾಕೆ ಹೀಗೆ? ಕಿಣ್ವದ ಒಳಗೆ ಇಣುಕಬೇಕಲ್ಲ. ಅದಕ್ಕೆ ಆ ಕಿಣ್ವದ ಹರಳು ಬೇಕು.

ಶಾಲೆಯಲ್ಲಿ ನಾನು ಮಕ್ಕಳಿಂದ ಕಲ್ಲುಸಕ್ಕರೆ ಮಾಡಿಸುತ್ತೇನೆ. ಗಟ್ಟಿ ಪಾಕ, ಗ್ಲಾಸು, ಇಳಿಬಿಟ್ಟ ದಾರ. ವಾರ ಕಳೆದರೆ ದಾರದ ತುಂಬ ಹರಳು. ಕಳೆದ ಸಲ ಒಂದು ಗ್ಲಾಸಿಗೆ ಇರುವೆ ಮುತ್ತಿತು, ಇನ್ನೊಂದನ್ನು ದಿನಾ ಅಲುಗಾಡಿಸಿ ನೋಡಿ ನೋಡಿ ಕೆಡಿಸಿದರು. ಪ್ರೋಟೀನಿನ ಹರಳು ಇದಕ್ಕಿಂತ ಹಟಮಾರಿ. ಸಕ್ಕರೆಯ ಅಣು ಚಿಕ್ಕದು, ಬೇಗ ಸಾಲಿಗೆ ಬರುತ್ತದೆ. ರುಬಿಸ್ಕೋದಲ್ಲಿ ಸಾವಿರಾರು ಪರಮಾಣುಗಳು. ಒಂದು ಹನಿಯಲ್ಲಿಟ್ಟು, ನೀರು ಮೆಲ್ಲಗೆ ಆರುವಂತೆ ಮಾಡಿ, ಕಾಯುವುದು ಅಷ್ಟೇ. ಹರಳು ಬಂದರೆ ಎಕ್ಸ್‌ರೇ ಬಿಡುತ್ತಾರೆ. ಕಿರಣ ಚದುರಿ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಆ ಚುಕ್ಕೆಗಳಿಂದ ಲೆಕ್ಕ ಹಾಕಿ ಪರಮಾಣುಗಳ ಜಾಗ ಗುರುತಿಸುತ್ತಾರೆ.

1999ರಲ್ಲಿ ಜಪಾನಿನ ವಿಜ್ಞಾನಿಗಳು ಈ ಪಾಚಿಯ ಕಿಣ್ವದ ರೂಪವನ್ನು ಹೀಗೆ ಬಿಡಿಸಿದರು. ಎಂಟು ದೊಡ್ಡ ತುಂಡು, ಎಂಟು ಸಣ್ಣ ತುಂಡು. ನಡುವೆ ಬೀಸುಕಲ್ಲಿನ ಬಾಯಿಯಂಥ ತೂತು. ಅದು ನಮ್ಮ ಬೆಳೆಗಳಲ್ಲೂ ಹಾಗೆಯೇ. ಪಾಚಿಯಲ್ಲಿ ಮಾತ್ರ ಸಣ್ಣ ತುಂಡುಗಳಿಗೆ ಒಂದೊಂದು ಬಾಲ ಇದೆ. ಈ ಕಡೆಯ ನಾಲ್ಕು, ಆ ಕಡೆಯ ನಾಲ್ಕು ಬಾಲಗಳು ತೂತಿನೊಳಗೆ ಹೆಣೆದುಕೊಂಡು ಪುಟ್ಟ ಪೀಪಾಯಿಗಳಾಗಿವೆ. ಇಡೀ ಕಟ್ಟು ಬಿಗಿಯಾಗಲು ಅದು ನೆರವಾಗುತ್ತದೆ. ಕೆಲಸ ನಡೆಯುವ ಗುಳಿಯ ಮೇಲೆ ಒಂದು ಮುಚ್ಚಳವೂ ಇದೆ. ಇಲ್ಲಿ ಅದನ್ನು ಒಂದು ಸಣ್ಣ ಹೈಡ್ರೋಜನ್ ಬಂಧ, ಅಂದರೆ ಪರಮಾಣುಗಳ ನಡುವಿನ ಪುಟ್ಟ ಸೆಳೆತ, ಚಿಲಕದ ಹಾಗೆ ಹಿಡಿದಿಡುತ್ತದೆ. ನನಗಂತೂ ಈ ಚಿಲಕವೇ ಇಷ್ಟ.

ಹಾಗಾದರೆ ಇದನ್ನೇ ನಮ್ಮ ಬೆಳೆಗೆ ಹಾಕಬಾರದಾ ಅಂತೀರಿ, ಅಲ್ವಾ? ಹಾಕಿ ನೋಡಿದ್ದಾರೆ. ನಿಪ್ಪಾಣಿಯವರಿಗೆ ಚೆನ್ನಾಗಿ ಗೊತ್ತಿರುವ ಗಿಡದಲ್ಲೇ, ತಂಬಾಕಿನಲ್ಲಿ, ಇದೇ ಜಾತಿಯ ಇನ್ನೊಂದು ಪಾಚಿಯ ರುಬಿಸ್ಕೋ ಜೀನು ಸೇರಿಸಿದರು. 2001ರಲ್ಲಿ ಅದರ ಫಲಿತಾಂಶ ಬಂತು. ಪ್ರೋಟೀನಿನ ಎಳೆಗಳು ತಯಾರಾದವು, ಆದರೆ ಸರಿಯಾಗಿ ಮಡಚಿ ಜೋಡಣೆಯಾಗಲಿಲ್ಲ. ಎಲೆಯೊಳಗೆ ಸುಮ್ನೆ ಗಂಟುಗಂಟಾಗಿ ಕೂತವು.