ಸೈಲೆನ್ಸರ್‌ನಿಂದ ಹೆಸರು ಮಾಡಿದ ಕಾರು: ಹೋಂಡಾ ಸಿವಿಕ್ ಕತೆ

ನಮಸ್ಕಾರ. ಹಳೇ ಜಪಾನಿ ಕಾರುಗಳ ಮಾತು ತೆಗೆದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ: ಸಿವಿಕ್‌ನಲ್ಲಿ ಅಂಥದ್ದೇನಿದೆ, ಯಾಕೆ ಜನ ಈ ಪಾಟಿ ತಲೆ ಕೆಡಿಸ್ಕೊಳ್ತಾರೆ? ಕೇಳೋರ ಮನಸ್ಸಲ್ಲಿ ವಿಟೆಕ್ (ಇಂಜಿನ್ ವೇಗಕ್ಕೆ ತಕ್ಕ ಹಾಗೆ ವಾಲ್ವ್ ತೆರೆಯೋ ರೀತಿ ಬದಲಿಸೋ ಹೋಂಡಾ ತಂತ್ರ), ಟೈಪ್ ಆರ್ (ಜೋರಾಗಿ ಓಡೋಕೆ ಅಂತಲೇ ಮಾಡಿದ ಮಾಡೆಲ್) ಅನ್ನೋ ಉತ್ತರ ಆಗಲೇ ಇರುತ್ತೆ. ಅವೆಲ್ಲ ಬಹಳ ಆಮೇಲೆ ಬಂದಿದ್ದು. ಈ ಕಾರು ಲೋಕಕ್ಕೆ ಗೊತ್ತಾಗಿದ್ದು ಅದರ ಸೈಲೆನ್ಸರ್‌ನಿಂದ ಏನೇನು ಹೊರಗೆ ಬರ್ತಿರ್ಲಿಲ್ಲ ಅನ್ನೋ ಕಾರಣಕ್ಕೆ.

ಹಿನ್ನೆಲೆ ಬೇಗ ಮುಗಿಸ್ತೀನಿ. ಹೋಂಡಾ ಬೈಕಲ್ಲಿ ರಾಜ, ಕಾರಲ್ಲಿ ಹೊಸಬ. ನಾಲ್ಕು ಚಕ್ರದ ಗಾಡಿ ಶುರು ಮಾಡಿದ್ದೇ 1963ರಲ್ಲಿ. 1967ರ ಪುಟಾಣಿ ಎನ್360 ಚೆನ್ನಾಗಿ ಓಡ್ತು. 1969ರಲ್ಲಿ ಬಂದ ಹೋಂಡಾ 1300 ಮಾತ್ರ ಮಕಾಡೆ ಮಲಗ್ತು. ಕಾರಣ ಯಜಮಾನರೇ. ಕಂಪನಿ ಕಟ್ಟಿದ ಸೋಯಿಚಿರೋ ಹೋಂಡಾ ಅವರಿಗೆ ಏರ್ ಕೂಲಿಂಗ್ ಮೇಲೆ ವಿಪರೀತ ಮೋಹ. ಅವರ ವಾದ ಏನು ಗೊತ್ತಾ? ರೇಡಿಯೇಟರ್ ನೀರನ್ನೂ ಕೊನೆಗೆ ತಣ್ಣಗೆ ಮಾಡೋದು ಗಾಳಿನೇ ತಾನೇ, ಹಾಗಾದ್ರೆ ಇಂಜಿನ್‌ಗೆ ನೇರವಾಗಿ ಗಾಳಿನೇ ಕೊಡಿ, ಮಧ್ಯೆ ನೀರು ಯಾಕೆ? ಕೇಳೋಕೆ ಸೊಗಸಾಗಿದೆ. ಕೈಲಿ ಮಾಡಿದಾಗ ಇಂಜಿನ್ ಭಾರ ಆಯ್ತು, ಖರ್ಚೂ ಏರ್ತು. ಕಿರಿಯ ಇಂಜಿನಿಯರ್‌ಗಳು ನೀರೇ ಬೇಕು ಅಂತ ಪಟ್ಟು ಹಿಡಿದ್ರು. ವ್ಯವಹಾರ ನೋಡ್ಕೊಳ್ತಿದ್ದ ತಕೆಯೋ ಫುಜಿಸಾವಾ ಮಧ್ಯೆ ಬಂದು, ನೀವು ಕಂಪನಿಯ ಅಧ್ಯಕ್ಷರಾಗಿರ್ತೀರೋ ಇಂಜಿನಿಯರ್ ಆಗಿರ್ತೀರೋ ಅಂತ ಕೇಳಿದ್ರಂತೆ. ಅಧ್ಯಕ್ಷನಾಗಿರ್ತೀನಿ ಅಂದ್ರು ಹೋಂಡಾ. ನೀರು ಗೆದ್ದಿತು.

(ತೆರೆ ಮೇಲೆ: ಮೊದಲ ಸಿವಿಕ್, ಪಕ್ಕದಿಂದ)

1972ರ ಜುಲೈನಲ್ಲಿ ಬಂದಿದ್ದು ಇದು. 1169 ಸಿಸಿ, 60 ಹಾರ್ಸ್‌ಪವರ್, ವಾಟರ್ ಕೂಲ್ಡ್. ಇಂಜಿನ್ ಅಡ್ಡಕ್ಕೆ ಕೂತಿದೆ, ಮುಂದಿನ ಚಕ್ರಕ್ಕೆ ಶಕ್ತಿ. ನಾಲ್ಕು ಚಕ್ರಾನೂ ನಾಲ್ಕು ಮೂಲೆಗೆ ತಳ್ಳಿ, ಉಳಿದ ಜಾಗ ಎಲ್ಲ ಜನರಿಗೆ ಬಿಟ್ಟಿದ್ದಾರೆ. ಬೂಟ್ ಅಂತ ಬಾಲ ಇಲ್ಲ. ಅಗಲ ಒಂದೂವರೆ ಮೀಟರ್ ಅಷ್ಟೇ. ಇವತ್ತಿನ ಎಸ್‌ಯುವಿ ಪಕ್ಕ ನಿಲ್ಲಿಸಿದ್ರೆ ಅದರ ಮಗು ಅಂದ್ಕೋಬೇಕು. ಮುದ್ದಾಗಿದೆ, ಒಪ್ಪಿದೆ. ಆದ್ರೆ ಇಷ್ಟಕ್ಕೇ ಯಾರೂ ಇತಿಹಾಸ ಬರೆಯಲ್ಲ.

ಈಗ ಅಮೆರಿಕಕ್ಕೆ ಬನ್ನಿ. 1970ರ ಕೊನೆಯಲ್ಲಿ ಅಲ್ಲಿ ವಾಯುಮಾಲಿನ್ಯದ ಕಾನೂನು ಬಿಗಿಯಾಯ್ತು. ಸೆನೆಟರ್ ಎಡ್ಮಂಡ್ ಮಸ್ಕಿ ಮುಂದೆ ನಿಂತು ತಂದಿದ್ದರಿಂದ ಜಪಾನಿನಲ್ಲಿ ಇದಕ್ಕೆ ಮಸ್ಕಿ ಕಾಯ್ದೆ ಅಂತಲೇ ಹೆಸರು. 1975ರ ಮಾಡೆಲ್ ಹೊತ್ತಿಗೆ ಕಾರ್ಬನ್ ಮಾನಾಕ್ಸೈಡು, ಸುಡದೇ ಉಳಿದ ಹೈಡ್ರೋಕಾರ್ಬನ್ನು ಎರಡೂ ಹತ್ತರಲ್ಲಿ ಒಂದು ಪಾಲಿಗೆ ಇಳೀಬೇಕು. ಮರುವರ್ಷ ನೈಟ್ರೋಜನ್ ಆಕ್ಸೈಡುಗಳೂ ಅಷ್ಟೇ. ಅಮೆರಿಕದ ಕಾರು ಉದ್ಯಮದ ಊರು ಡೆಟ್ರಾಯ್ಟ್‌ನ ದೊಡ್ಡ ಕಂಪನಿಗಳೆಲ್ಲ ಆಗೋ ಮಾತಲ್ಲ ಅಂದ್ರು.

ಯಾಕೆ ಕಷ್ಟ? ಪೆಟ್ರೋಲ್ ಜಾಸ್ತಿ ಬೆರೆಸಿದ್ರೆ ಪೂರ್ತಿ ಸುಡಲ್ಲ, ಮೊದಲೆರಡು ವಿಷ ಏರುತ್ತೆ. ಸಿಲಿಂಡರ್ ಒಳಗೆ ವಿಪರೀತ ಕಾವಾದ್ರೆ ಮೂರನೇದು ಏರುತ್ತೆ. ಮೂರೂ ಇಳೀಬೇಕಂದ್ರೆ ಪೆಟ್ರೋಲ್ ತೀರಾ ಕಡಿಮೆ, ಗಾಳಿ ಹೆಚ್ಚು ಇರೋ ತೆಳು ಮಿಶ್ರಣ ಬೇಕು. ಸಮಸ್ಯೆ ಅಂದ್ರೆ, ಅಷ್ಟು ತೆಳು ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹತ್ತೋದೇ ಇಲ್ಲ.

ಮಳೆಗಾಲದಲ್ಲಿ ಬಚ್ಚಲಮನೆ ಹಂಡೆ ಒಲೆ ಹಚ್ಚಿದವರಿಗೆ ಈ ಸಂಕಟ ಗೊತ್ತು. ತೇವ ಎಳೆದಿರೋ ದಪ್ಪ ಸೌದೆಗೆ ಕಡ್ಡಿ ಗೀರಿ ಹಿಡಿದ್ರೆ ಬೆಂಕಿಪೊಟ್ಟಣ ಖಾಲಿ ಆಗುತ್ತೆ, ಸೌದೆ ಜಪ್ಪಯ್ಯ ಅನ್ನಲ್ಲ. ಅಜ್ಜಿ ಏನ್ಮಾಡ್ತಾಳೆ? ಒಲೆ ಬಾಯಲ್ಲಿ ಒಂದು ಹಿಡಿ ಒಣ ತೆಂಗಿನ ಸೋಗೆ ಇಡ್ತಾಳೆ. ಕಡ್ಡಿ ತಾಗಿಸೋದು ಸೋಗೆಗೆ. ಅದು ಭಗ್ ಅಂತ ಹತ್ತಿ, ಅದರ ಜ್ವಾಲೆ ಒಳಗೆ ನುಗ್ಗಿ ಸೌದೆ ಹಿಡ್ಕೊಳ್ಳುತ್ತೆ. ಸೋಗೆ ಅಳತೆ ಮೀರಿದ್ರೆ ಬಚ್ಚಲು ತುಂಬ ಹೊಗೆ, ಕಣ್ಣಲ್ಲಿ ನೀರು. ಕಡಿಮೆ ಆದ್ರೆ ಸೌದೆಗೆ ಹತ್ತೋ ಮೊದಲೇ ಬೂದಿ. ಹಿಡಿಯಷ್ಟು ಸೋಗೆ, ಒಲೆ ತುಂಬ ಸೌದೆ: ಹೋಂಡಾದವರ ಸಿವಿಸಿಸಿ ಇಂಜಿನ್ ಇಷ್ಟೇ ಸ್ವಾಮಿ.

(ತೆರೆ ಮೇಲೆ: ಸಿಲಿಂಡರ್ ಹೆಡ್ ಸೀಳುಚಿತ್ರ. ಸಣ್ಣ ಕೋಣೆಗೆ ಕೆಂಪು, ದೊಡ್ಡದಕ್ಕೆ ನೀಲಿ)

ಆ ಕೆಂಪು ಗೂಡು ನೋಡಿ. ಸ್ಪಾರ್ಕ್ ಪ್ಲಗ್ ತುದಿ ಇರೋದು ಅಲ್ಲಿ. ಒಂದೊಂದು ಸಿಲಿಂಡರ್‌ಗೂ ಮೂರು ವಾಲ್ವ್. ಮೂರನೇ ಚಿಕ್ಕ ವಾಲ್ವ್ ಈ ಗೂಡಿಗೆ ಮಾತ್ರ ಪೆಟ್ರೋಲ್ ಹೆಚ್ಚಿರೋ ಗಟ್ಟಿ ಮಿಶ್ರಣ ಬಿಡುತ್ತೆ. ಎರಡು ಥರ ಮಿಶ್ರಣ ಒಟ್ಟಿಗೆ ಕೊಡೋಕೆ, ಗಾಳಿ-ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್ರೂ ಬೇರೆ ಥರದ್ದು. ಕಿಡಿ ಹತ್ತಿದ ತಕ್ಷಣ ಜ್ವಾಲೆ ಸಣ್ಣ ಕಿಂಡಿಯಿಂದ ದೊಡ್ಡ ಕೋಣೆಗೆ ನುಗ್ಗಿ ಅಲ್ಲಿರೋ ತೆಳು ಮಿಶ್ರಣಾನ ನಿಧಾನಕ್ಕೆ, ಪೂರ್ತಿಯಾಗಿ ಸುಡುತ್ತೆ. ಶಾಖ ಅತಿಯಾಗಿ ಏರಲ್ಲ, ಆದ್ರೆ ಹೆಚ್ಚು ಹೊತ್ತು ನಿಲ್ಲುತ್ತೆ. ವಿಷ ಒಳಗೇ ಕಡಿಮೆ ಆಗೋದ್ರಿಂದ ಹೊರಗೆ ಹೊಗೆಯಲ್ಲಿನ ವಿಷ ಕಡಿಮೆ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟೋ ಗೋಜಿಲ್ಲ. ಕನ್ವರ್ಟರ್ ಇರೋ ಕಾರಿಗೆ ಸೀಸ ಇಲ್ಲದ ಪೆಟ್ರೋಲೇ ಆಗಬೇಕಿತ್ತು. ಇದಕ್ಕೆ ಯಾವುದಾದ್ರೂ ನಡೀತಿತ್ತು.

1972ರ ಡಿಸೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ ತನ್ನ ಆ್ಯನ್ ಆರ್ಬರ್ ಲ್ಯಾಬ್‌ನಲ್ಲಿ ಈ ಇಂಜಿನ್‌ನ ಪರೀಕ್ಷೆ ಮಾಡ್ತು. ಪಾಸ್, ಅದೂ ಎಲ್ಲರಿಗಿಂತ ಮೊದಲು. ತಮಾಷೆ ಏನಂದ್ರೆ, ಆಮೇಲೆ 1973ರ ಏಪ್ರಿಲ್‌ನಲ್ಲಿ ಡೆಟ್ರಾಯ್ಟ್ ಕಂಪನಿಗಳು ಕೇಳ್ಕೊಂಡಿದ್ದಕ್ಕೆ ಸರ್ಕಾರ ಒಂದು ವರ್ಷ ಗಡುವು ಮುಂದೂಡಿತು. ಒಬ್ಬ ಹುಡುಗ ಉತ್ತರ ಬರೆದುಕೊಟ್ಟು ಹೊರಗೆ ಹೋದ ಮೇಲೆ ಪರೀಕ್ಷೆ ಮುಂದಕ್ಕೆ ಹಾಕಿದ್ರು!

ಫೋರ್ಡ್, ಕ್ರೈಸ್ಲರ್, ಟೊಯೋಟಾ, ಇಸುಝು ಲೈಸೆನ್ಸ್ ತಗೊಂಡ್ರು. ಜನರಲ್ ಮೋಟರ್ಸ್ ತಗೊಳ್ಳಲಿಲ್ಲ. ಪುಟ್ಟ ಇಂಜಿನ್‌ಗೆ ಸರಿ, ಎಂಟು ಸಿಲಿಂಡರಿನ ನಮ್ಮ ದೊಡ್ಡ ವಿ-8 ಇಂಜಿನ್‌ಗೆ ಇದೆಲ್ಲ ಆಗುತ್ತಾ ಅನ್ನೋ ಅನುಮಾನ ಡೆಟ್ರಾಯ್ಟ್‌ನಲ್ಲಿತ್ತು. ಹೋಂಡಾದವರು ಕೊಟ್ಟ ಉತ್ತರ ನನಗೆ ಇಡೀ ಕಾರು ಇತಿಹಾಸದಲ್ಲೇ ಅತಿ ಇಷ್ಟವಾದ ತುಂಟತನ. ಜನರಲ್ ಮೋಟರ್ಸ್‌ನದೇ 1973ರ ಶೆವರ್ಲೆ ಇಂಪಾಲಾ ಒಂದನ್ನ ತಗೊಂಡ್ರು. 5.7 ಲೀಟರ್ ವಿ-8, ಹೆಚ್ಚುಕಡಿಮೆ ಎರಡು ಟನ್ ತೂಕ, ಬಾನೆಟ್ ಮೇಲೆ ಮಂಚ ಹಾಕಿ ಮಲಗಬಹುದು. ಕೆಳಗಿನ ಬ್ಲಾಕ್ ಮುಟ್ಟಲಿಲ್ಲ. ಹೆಡ್ ಬೇರೆ ಮಾಡಿದ್ರು, ಮ್ಯಾನಿಫೋಲ್ಡ್ ಬೇರೆ, ಕಾರ್ಬೊರೇಟರ್ ಬೇರೆ. ತಗೊಂಡೋಗಿ ಅದೇ ಇಪಿಎ ಲ್ಯಾಬ್ ಮುಂದೆ ನಿಲ್ಲಿಸಿದ್ರು. ಅದೂ 1975ರ ಮಿತಿಯೊಳಗೇ ಬಂತು, ಕನ್ವರ್ಟರ್ ಇಲ್ಲದೆ! ಮೈಲೇಜೂ ಕೆಡಲಿಲ್ಲ. ಬೇರೆಯವರ ಕಾರು ರಿಪೇರಿ ಮಾಡಿ, ಬಿಲ್ಲೂ ಕೊಡದೆ, ಊರೆಲ್ಲ ನೋಡೋ ಹಾಗೆ ನಿಲ್ಲಿಸೋದು ಅಂದ್ರೆ... ಇದಕ್ಕಿಂತ ಸಭ್ಯವಾದ ಕಪಾಳಮೋಕ್ಷ ನಾನು ಕಂಡಿಲ್ಲ.

ಇದೇ ಹೊತ್ತಿನ ಇನ್ನೊಂದು ಪ್ರಸಂಗ, ಹೋಂಡಾ ಕಂಪನಿಯೇ ಹೇಳ್ಕೊಳ್ಳೋದು. ದೊಡ್ಡ ಕಂಪನಿಗಳ ಸಮಕ್ಕೆ ನಿಲ್ಲೋಕೆ ಇದೇ ಅವಕಾಶ ಅಂತ ಸೋಯಿಚಿರೋ ಹುರಿದುಂಬಿಸಿದಾಗ, ನಾವು ಕಂಪನಿಗೋಸ್ಕರ ಮಾಡ್ತಿಲ್ಲ, ಸಮಾಜಕ್ಕೋಸ್ಕರ ಮಾಡ್ತಿದ್ದೀವಿ ಅಂದ್ರಂತೆ ಕಿರಿಯರು. ಮುದುಕರಿಗೆ ಅದು ನಾಟಿತು. 1973ರಲ್ಲಿ ಅವರೂ ಫುಜಿಸಾವಾ ಅವರೂ ಒಟ್ಟಿಗೇ ನಿವೃತ್ತರಾದ್ರು. ಕಂಪನಿ ಹೇಳೋ ಕತೆಗೆ ಸ್ವಲ್ಪ ಪಾಲಿಶ್ ಇದ್ದೇ ಇರುತ್ತೆ, ಆದ್ರೂ ಕುರ್ಚಿ ಬಿಟ್ಟಿದ್ದಂತೂ ನಿಜ.

1973ರ ಡಿಸೆಂಬರ್‌ನಲ್ಲಿ 1488 ಸಿಸಿ ಸಿವಿಕ್ ಸಿವಿಸಿಸಿ ಜಪಾನಿನಲ್ಲಿ ಬಂತು, ಅಮೆರಿಕಕ್ಕೆ 1975ರ ಮಾಡೆಲ್ ಆಗಿ ಹೋಯ್ತು. ಅಷ್ಟರಲ್ಲಿ ತೈಲ ಬಿಕ್ಕಟ್ಟು ಶುರುವಾಗಿ ಅಲ್ಲಿ ಪೆಟ್ರೋಲ್ ಬಂಕ್ ಮುಂದೆ ಕ್ಯೂ. ಸತತ ನಾಲ್ಕು ವರ್ಷ ಇಪಿಎ ಮೈಲೇಜ್ ಪಟ್ಟಿಯ ತಲೆಯಲ್ಲಿ ಸಿವಿಕ್. ಇನ್ನೇನು ಬೇಕು? ಹಾಗಂತ ಆರತಿ ಎತ್ತೋ ಅಗತ್ಯ ಇಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋ ರಾಜ್ಯಗಳಲ್ಲಿ ಇದರ ಮುಂದಿನ ಫೆಂಡರ್ ತುಕ್ಕು ಹಿಡಿದು ತೂತು ಬೀಳ್ತಿತ್ತು. ಕಂಪನಿ ಫೆಂಡರ್ ಬದಲಿಸಿ ಕೊಡಬೇಕಾಯ್ತು. ಇಂಜಿನ್‌ನಲ್ಲಿ ಡಾಕ್ಟರೇಟ್, ತಗಡಿನಲ್ಲಿ ಜಸ್ಟ್ ಪಾಸ್.

ಟೈಮ್ ಆಗ್ತಾ ಬಂತು, ಉಳಿದಿದ್ದು ಓಡಿಸ್ತೀನಿ. ಎರಡನೇ ತಲೆಮಾರು 1979, ಅದರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. 1983ರ ಮೂರನೇದು ಜಪಾನಿನ ವರ್ಷದ ಕಾರು ಪ್ರಶಸ್ತಿ ಗೆದ್ದಿತು. 1989ರಲ್ಲಿ ವಿಟೆಕ್ ಸಿವಿಕ್, 1.6 ಲೀಟರ್‌ನಲ್ಲೇ 160 ಹಾರ್ಸ್‌ಪವರ್. 1997ರಲ್ಲಿ ಮೊದಲ ಸಿವಿಕ್ ಟೈಪ್ ಆರ್, 185. ಈ ನಡುವೆ ಫ್ಯುಯೆಲ್ ಇಂಜೆಕ್ಷನ್, ಒಳ್ಳೇ ಕನ್ವರ್ಟರ್ ಬಂದು ಸಿವಿಸಿಸಿಗೆ ಕೆಲಸ ಇಲ್ಲದಾಗಿ, 80ರ ದಶಕದಲ್ಲೇ ಮೂಲೆಗೆ ಸೇರ್ತು. ಗೂಡಿನಲ್ಲಿ ಕಿಡಿ ಹಚ್ಚೋ ಉಪಾಯ ಮಾತ್ರ ಸತ್ತಿಲ್ಲ. 2020ರ ಮಸೆರಾಟಿ ನೆಟ್ಟುನೋ ಇಂಜಿನ್‌ನಲ್ಲೂ ಇದೆ, ಅಲ್ಲಿ ಉದ್ದೇಶ ಶಕ್ತಿ.

ನಮ್ಮಲ್ಲಿಗೆ ಸಿವಿಕ್ ಬಂದಿದ್ದು 2006ರಲ್ಲಿ, ಎಂಟನೇ ತಲೆಮಾರು, ಗ್ರೇಟರ್ ನೋಯ್ಡಾದಲ್ಲಿ ತಯಾರಿ. ಎರಡು ಮಹಡಿಯ ಡ್ಯಾಶ್‌ಬೋರ್ಡ್, ಮೇಲೆ ಡಿಜಿಟಲ್ ಸ್ಪೀಡೋಮೀಟರ್, ಆ ಕಾಲಕ್ಕೆ ವಿಮಾನ ಹತ್ತಿದ ಹಾಗೆ. ಹೊಟ್ಟೆ ಮಾತ್ರ ನೆಲಕ್ಕೆ ತೀರಾ ಹತ್ತಿರ. ಬೆಂಗಳೂರಿನ ಹಂಪ್‌ಗಳನ್ನ ಓನರ್‌ಗಳು ಕಾರನ್ನ ಓರೆ ಮಾಡಿ, ಉಸಿರು ಬಿಗಿ ಹಿಡಿದು ದಾಟ್ತಿದ್ರು. 2013ಕ್ಕೆ ನಿಂತಿತು. 2019ರ ಮಾರ್ಚ್‌ನಲ್ಲಿ ಮತ್ತೆ ಬಂತು. 2020ರ ಡಿಸೆಂಬರ್‌ನಲ್ಲಿ ಆ ಕಾರ್ಖಾನೆಯಲ್ಲಿ ತಯಾರಿ ನಿಂತಾಗ ಇದೂ ಹೋಯ್ತು. ಸೆಕೆಂಡ್ ಹ್ಯಾಂಡ್ ಹುಡುಕ್ತಿದ್ರೆ ಬಣ್ಣ, ಮ್ಯೂಸಿಕ್ ಸಿಸ್ಟಮ್ ಆಮೇಲೆ ನೋಡಿ. ಮೊದಲು ಪಿಟ್ ಮೇಲೆ ಹತ್ತಿಸಿ, ಟಾರ್ಚ್ ಹಿಡಿದು ಕೆಳಗಡೆ ಗೀರು ಎಷ್ಟಿದೆ ನೋಡಿ.