ಹಗ್ಗ ಎಷ್ಟು ಜೋಲಬೇಕು?

ಎಲ್ಲರಿಗೂ ನಮಸ್ಕಾರ.

ಯುವಜನರ ಮುಂದೆ ನಿಂತಾಗಲೆಲ್ಲ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಸ್ವಂತ ಉದ್ಯಮ ಮಾಡುವ ಆಸೆ ಯಾರಿಗಿದೆ? ಕೈಗಳು ಪಟಪಟನೆ ಏಳುತ್ತವೆ. ಈ ವರ್ಷವೇ ಶುರು ಮಾಡುವವರು ಯಾರು? ಎತ್ತಿದ ಕೈಗಳು ಮೆಲ್ಲಗೆ ಇಳಿಯುತ್ತವೆ. ‘ಈಗಿನವರಿಗೆ ಧೈರ್ಯ ಇಲ್ಲ’ ಅಂದುಬಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ.

ಉದ್ಯಮದ ಬಗ್ಗೆ ಜನರ ಮನಸ್ಸು ಹೇಗಿದೆ ಎಂದು 1999ರಿಂದ ಅನೇಕ ದೇಶಗಳಲ್ಲಿ ಜಿಇಎಂ (ಗ್ಲೋಬಲ್ ಆಂತ್ರಪ್ರನರ್‌ಶಿಪ್ ಮಾನಿಟರ್) ಎಂಬ ಸಮೀಕ್ಷೆ ನಡೆಯುತ್ತಿದೆ. ಅವಕಾಶ ಕಣ್ಣಿಗೆ ಕಂಡರೂ ಸೋಲಿನ ಭಯಕ್ಕೆ ಹಿಂಜರಿಯುವವರು ಎಷ್ಟು ಮಂದಿ ಅಂತ ಅದು ಲೆಕ್ಕ ಹಾಕುತ್ತದೆ. ಮನಃಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿದರು. ಒಬ್ಬರು ಒಂದು ಕೆಲಸಕ್ಕೆ ಮನಸ್ಸು ಮಾಡಲು ಮೂರು ಸಂಗತಿ ಬೇಕು. ಆ ಕೆಲಸ ಇಷ್ಟವಾಗಬೇಕು. ತನ್ನವರು ಸರಿ ಅನ್ನಬೇಕು. ಇದು ನನ್ನ ಕೈಲಾಗುತ್ತದೆ ಅಂತ ಅನ್ನಿಸಬೇಕು. ಮೂರನೆಯದು ಭಾಷಣದಿಂದ ಬರುವುದಿಲ್ಲ. ಕೈ ಕೆಲಸ ಮಾಡಿದಾಗಲೇ ಬರುತ್ತದೆ. ಅದಕ್ಕೇ ನಾನು ಕಾಲುಸೇತುವೆಯ ಮಾತು ಎತ್ತುತ್ತೇನೆ.

ಸುಳ್ಯದ ಗಿರೀಶ್ ಭಾರದ್ವಾಜ್ ಅವರ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ನಡೆಸುತ್ತಿದ್ದದ್ದು ವರ್ಕ್‌ಶಾಪು. ನಮಗೊಂದು ಸೇತುವೆ ಮಾಡಿಕೊಡಿ ಅಂತ ಊರವರೇ ಬಂದು ಕೇಳಿದರು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಅವರ ಮೊದಲ ತೂಗುಸೇತುವೆ ಎದ್ದು ನಿಂತಿತು. ಆಮೇಲೆ ನೂರಕ್ಕೂ ಹೆಚ್ಚು ಸೇತುವೆಗಳಾದವು. 2017ರಲ್ಲಿ ಪದ್ಮಶ್ರೀ ಬಂತು. ಹೊಸ ಐಡಿಯಾ ಹೊಳೆಯಲಿ ಅಂತ ಕಾದು ಕೂತಿರುವ ಹುಡುಗ ಹುಡುಗಿಯರಿಗೆ ನಾನು ಈ ಕತೆ ಹೇಳದೆ ಬಿಡುವುದಿಲ್ಲ. ಅಗತ್ಯ ಬಾಗಿಲಿಗೇ ಬಂದಿತ್ತು. ಅದನ್ನು ಪೂರೈಸುವ ಕಸುಬು ಕೈಯಲ್ಲಿತ್ತು.

ಈಗ ತೂಗುಸೇತುವೆಯನ್ನು ಹೊರುವ ಹಗ್ಗಕ್ಕೆ ಬರೋಣ. ಬಟ್ಟೆ ಒಣಗಿಸುವ ತಂತಿಯನ್ನು ನೆನಪಿಸಿಕೊಳ್ಳಿ. ಸ್ವಲ್ಪ ಸಡಿಲ ಬಿಟ್ಟರೆ ಬಟ್ಟೆಯ ಭಾರಕ್ಕೆ ಜೋಲುತ್ತದೆ, ಅಷ್ಟೆ. ಬಿಗಿಯಾಗಿ ಎಳೆದು ಕಟ್ಟಿದರೆ ಮೊಳೆಯೇ ಕಿತ್ತು ಬರುತ್ತದೆ. ಸೇತುವೆಯೂ ಹಾಗೇ. ಎರಡು ದಡದ ನಡುವೆ 60 ಮೀಟರ್ ಇದೆ ಅಂದುಕೊಳ್ಳಿ. ಪ್ರತಿ ಮೀಟರಿಗೆ 400 ಕಿಲೋ ಭಾರ. ಮಧ್ಯದಲ್ಲಿ 3 ಮೀಟರ್ ಜೋಲು ಬಿಟ್ಟರೆ ಹಗ್ಗಗಳೆಲ್ಲ ಸೇರಿ ದಡವನ್ನು ಸುಮಾರು 60 ಟನ್ ಎಳೆಯುತ್ತವೆ. ನೋಡಲು ಚಂದ, ನೆಟ್ಟಗಿರಲಿ ಅಂತ ಜೋಲನ್ನು ಅರ್ಧಕ್ಕೆ ಇಳಿಸಿದರೆ ಎಳೆತ 120 ಟನ್! ಈ ಲೆಕ್ಕವನ್ನು ತಾವೇ ಹಾಕಿದ ವಿದ್ಯಾರ್ಥಿಗಳ ಮುಖ ನೋಡಬೇಕು ನೀವು. ಭಯ ಅನ್ನುವುದು ಅಲ್ಲಿ ಒಂದು ಅಂಕಿ ಆಗಿಬಿಡುತ್ತದೆ. ಅಂಕಿ ಸಿಕ್ಕಿದ ಮೇಲೆ ಹಗ್ಗವನ್ನು ದಡದಲ್ಲಿ ಹಿಡಿದಿಡಲು ಅದಕ್ಕೆ ತಕ್ಕ ಲಂಗರು ಕಟ್ಟಬಹುದು, ಅಲ್ವಾ?

ಇನ್ನೂ ಸಣ್ಣ ಸಂಗತಿ ಒಂದಿದೆ. ಉಕ್ಕಿನ ಹಗ್ಗದ ತುದಿಯನ್ನು ಮಡಚಿ ಕ್ಲಿಪ್ಪು ಹಾಕುತ್ತೇವೆ. ಕ್ಲಿಪ್ಪಿನಲ್ಲಿ ಒಂದು ಯು-ಬೋಲ್ಟು, ಹಗ್ಗ ಕೂರಲು ಒಂದು ದಪ್ಪ ತುಂಡು. ಭಾರ ಹೊರುವ ಎಳೆ ಆ ದಪ್ಪ ತುಂಡಿನ ಮೇಲೆಯೇ ಕೂರಬೇಕು. ಯು-ಬೋಲ್ಟು ಮಡಚಿದ ತುದಿಯ ಕಡೆಗಿರಬೇಕು. ತಿರುಗಾಮುರುಗಾ ಆದರೆ ಬೋಲ್ಟು ಭಾರದ ಎಳೆಯನ್ನೇ ಜಜ್ಜುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಭಾರ ಬಿದ್ದ ಮೇಲೆ ಹಗ್ಗ ಹಿಗ್ಗಿ ತೆಳುವಾಗುತ್ತದೆ, ಆಗ ನಟ್ಟುಗಳನ್ನು ಮತ್ತೆ ಬಿಗಿ ಮಾಡಬೇಕು.

ರಸ್ತೆ ಇಲ್ಲದ ಜಾಗಕ್ಕೆ ಕ್ರೇನ್ ಹೋಗುವುದಿಲ್ಲ. ಹಾಗಾಗಿ ಒಬ್ಬರು ಹೊತ್ತು ನಡೆಯಬಲ್ಲಷ್ಟು ತೂಕಕ್ಕೇ ಬಿಡಿಭಾಗಗಳನ್ನು ಮಾಡಬೇಕು. ನೆರೆ ಎಲ್ಲಿಯವರೆಗೆ ಏರಿತ್ತು ಅಂತ ಅಲ್ಲಿನ ಹಿರಿಯರು ಮರದ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಅಲ್ಲಿಗೆ ಹೋಗಿ ಕೇಳದೆ ಚಿತ್ರ ಬರೆದರೆ ಸುಮ್ನೆ ಕಾಗದ ದಂಡ.

ತಪ್ಪು ದೊಡ್ಡವರಿಂದಲೂ ಆಗುತ್ತದೆ. ಲಂಡನ್ನಿನ ಮಿಲೇನಿಯಂ ಕಾಲುಸೇತುವೆ 2000ದ ಜೂನ್ 10ರಂದು ತೆರೆಯಿತು. ಜನ ನಡೆದ ಹಾಗೆ ಅಕ್ಕಪಕ್ಕಕ್ಕೆ ತೂಗಾಡತೊಡಗಿತು. ಎರಡೇ ದಿನಕ್ಕೆ ಮುಚ್ಚಿದರು. ಸೇತುವೆ ಸ್ವಲ್ಪ ಓಲಿದಾಗ ಜನ ತಮಗೇ ಗೊತ್ತಿಲ್ಲದೆ ಅದೇ ತಾಳಕ್ಕೆ ಹೆಜ್ಜೆ ಹಾಕುತ್ತಾರೆ, ಓಲಾಟ ಜಾಸ್ತಿಯಾಗುತ್ತದೆ. ಇಂಜಿನಿಯರುಗಳು ಇದನ್ನು ಮುಚ್ಚಿಡಲಿಲ್ಲ. ಪರೀಕ್ಷೆ ಮಾಡಿ, ಅಳೆದು, ಓಲಾಟ ತಡೆಯುವ ಸಾಧನ ಕೂರಿಸಿ 2002ರಲ್ಲಿ ಮತ್ತೆ ತೆರೆದರು. ಸೋತವರನ್ನು ನಾವು ಹೀಗೆ ನಡೆಸಿಕೊಂಡರೆ, ಎತ್ತಿದ ಕೈ ಅಷ್ಟು ಬೇಗ ಇಳಿಯುವುದಿಲ್ಲ ಅಂತ ನನ್ನ ನಂಬಿಕೆ.

ದುಡ್ಡಿನ ಪ್ರಶ್ನೆ ಕಷ್ಟದ್ದೇ. ನಿಕರಾಗುವಾದ ಹಳ್ಳಿಗಳಲ್ಲಿ ಕಾಲುಸೇತುವೆಗಳ ಪರಿಣಾಮವನ್ನು ಅರ್ಥಶಾಸ್ತ್ರಜ್ಞರಾದ ಬ್ರೂಕ್ಸ್ ಮತ್ತು ಡೊನೊವನ್ ಅಳೆದು 2020ರಲ್ಲಿ ಪ್ರಕಟಿಸಿದರು. ನೆರೆ ಬಂದಾಗಲೂ ಹೊಳೆ ದಾಟಲು ಆದದ್ದರಿಂದ ಜನರ ಕೂಲಿ ಆದಾಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿತು. ಬೇಸಾಯದ ಲಾಭವೂ ಚೆನ್ನಾಗಿ ಹೆಚ್ಚಿತು. ಅಂದರೆ ಲಾಭ ಇದೆ, ಆದರೆ ಅದು ಊರಿಗೆಲ್ಲ ಹಂಚಿಹೋಗುತ್ತದೆ. ದಾಟುವವರ ಹತ್ತಿರ ಕಾಸು ವಸೂಲಿ ಮಾಡಿ ಇದನ್ನು ನಡೆಸಲಾಗದು. ದಾಟುವವರು ಒಬ್ಬರು, ಹಣ ಕೊಡುವ ಆಡಳಿತ ಇನ್ನೊಬ್ಬರು. ಇಬ್ಬರ ಮಾತನ್ನೂ ಕೇಳಿಸಿಕೊಳ್ಳುವುದನ್ನು ಕಲಿಯಬೇಕು. ಜೊತೆಗೆ, ಕಟ್ಟಿದ ಸೇತುವೆಗಳ ನಟ್ಟು ಬಿಗಿ ಮಾಡುತ್ತಾ, ಹಲಗೆ ಬದಲಿಸುತ್ತಾ ವರ್ಷವರ್ಷವೂ ಹೋಗಿಬರುವ ಕೆಲಸ ಇದೆಯಲ್ಲ, ನಿಂತು ನಡೆಯುವ ಉದ್ಯಮ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ. ಉದ್ಘಾಟನೆಗೆ ಎಲ್ಲರೂ ಬರುತ್ತಾರೆ. ಐದು ವರ್ಷದ ನಂತರ ಸ್ಪ್ಯಾನರ್ ಹಿಡಿದು ಬರುವವರು ಕಡಿಮೆ.

ಆ ಮೇಜಿನ ಮೇಲೆ ಉಕ್ಕಿನ ಹಗ್ಗದ ತುಂಡು, ಮೂರು ಕ್ಲಿಪ್ಪು, ಒಂದು ಸ್ಪ್ಯಾನರ್ ಇಟ್ಟಿದ್ದೇನೆ. ಒಂದು ಕ್ಲಿಪ್ಪನ್ನು ಬೇಕೆಂತಲೇ ತಿರುವಿ ಹಾಕಿದ್ದೇನೆ. ಬನ್ನಿ, ಯಾವುದು ಅಂತ ಹುಡುಕಿ, ಬಿಚ್ಚಿ, ಸರಿಯಾಗಿ ಕೂರಿಸಿ.