ಯಸಳೂರಿನ ಕಾಡಾನೆ ದಸರಾಕ್ಕೆ ಹೋದ ಮೇಲೆ

[ದೃಶ್ಯ: ಕಾಫಿ ತೋಟ, ಮುರಿದ ಬಾಳೆ, ಕೆಸರಿನಲ್ಲಿ ಆನೆ ಹೆಜ್ಜೆ]

ನಮಸ್ಕಾರ. ಆಲೂರಿನ ಒಬ್ಬರು ಕಾಮೆಂಟಿನಲ್ಲಿ ಕೇಳಿದ್ದರು: "ಅಣ್ಣಾ, ನಮ್ಮ ತೋಟಕ್ಕೆ ಬರುತ್ತಿದ್ದ ಸಲಗವನ್ನು ಹಿಡಿದುಕೊಂಡು ಹೋದರು. ಅದು ದಸರಾ ಮೆರವಣಿಗೆಯಲ್ಲಿ ಇರಬಹುದಾ?"

ಇರಬಹುದು. ದಸರಾ ಆನೆಗಳಾದ ಧನಂಜಯ, ಕಂಜನ್ ಎರಡೂ ಹಾಸನ ಜಿಲ್ಲೆಯ ನಮ್ಮ ಯಸಳೂರು ಕಡೆ ಹಿಡಿದವು. ಏಕಲವ್ಯ ಮೂಡಿಗೆರೆಯವನು. ಒಂದು ಕಾಲಕ್ಕೆ ಪಟಾಕಿ ಹಚ್ಚಿ ಓಡಿಸಿದ ಆನೆಗೇ ಈಗ ಟಿವಿ ಮುಂದೆ ಕೂತು ಕೈ ಮುಗಿಯುತ್ತೇವೆ.

ಹಿಡಿಯುವ ರೀತಿ ನಿಮಗೆ ಗೊತ್ತೇ ಇದೆ. ಸಾಕಾನೆಗಳು, ಅರಿವಳಿಕೆ ಮದ್ದು, ಹಗ್ಗ, ಲಾರಿ. ಆಮೇಲೆ ಕ್ರಾಲ್, ಅಂದರೆ ದಪ್ಪ ಮರದ ದಿಮ್ಮಿಗಳ ದೊಡ್ಡಿ. ಪಳಗುವವರೆಗೂ ಅದರೊಳಗೇ.

ನನ್ನ ತಲೆಯಲ್ಲಿ ಕೂತಿದ್ದು ಅಂಬಾರಿ.

[ದೃಶ್ಯ: ಆನೆ ಬೆನ್ನಿನ ಚಿತ್ರ]

ಅಂಬಾರಿ ಸುಮಾರು 750 ಕೆಜಿ. ನಮ್ಮ ಲೆಕ್ಕದಲ್ಲಿ ಹೇಳಿದರೆ 50 ಕೆಜಿಯ 15 ಕಾಫಿ ಮೂಟೆ. ಐದು ಟನ್ ಪ್ರಾಣಿಗೆ ಅದೇನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಆನೆಯ ಬೆನ್ನು ಕುದುರೆಯ ಬೆನ್ನಿನಂತಲ್ಲ. ಬೆನ್ನುಮೂಳೆಯ ಉದ್ದಕ್ಕೂ ಎಲುಬಿನ ಮುಳ್ಳುಗಳು ಮೇಲಕ್ಕೆ ಚಾಚಿರುತ್ತವೆ. ಭಾರ ನೇರವಾಗಿ ಅದರ ಮೇಲೆ ಕೂತರೆ ನೋವು. ಅದಕ್ಕೇ ಮೊದಲು ನಮ್ದಾ ಅನ್ನುವ ಮೆತ್ತನೆಯ ಹಾಸು, ಅದರ ಮೇಲೆ ದಪ್ಪ ಗಾದಿ. ಮೂಟೆ ಹೊರುವವರು ತಲೆ ಮೇಲೆ ಸಿಂಬಿ ಇಡುತ್ತಾರಲ್ಲ, ಹಾಗೇ. ಸಿಂಬಿ ಸರಿಯಾಗಿ ಕೂರದಿದ್ದರೆ ಕುತ್ತಿಗೆ ಏನಾಗುತ್ತದೆ ಅಂತ ಹೊತ್ತವರನ್ನೇ ಕೇಳಿ. ನಾವು ನೋವಾದರೆ ಮೂಟೆ ಇಳಿಸುತ್ತೇವೆ, ಕೂಲಿ ಜಾಸ್ತಿ ಕೇಳುತ್ತೇವೆ, ಬೇಡವಾದರೆ ಬರುವುದೇ ಇಲ್ಲ. ಆನೆ ಮಾತ್ರ ಮೆರವಣಿಗೆ ಮುಗಿಯುವ ಬನ್ನಿಮಂಟಪ ಬರುವವರೆಗೂ ಸುಮಾರು ಐದು ಕಿಲೋಮೀಟರ್ ನಡೆಯಲೇಬೇಕು.

ಭಾರಕ್ಕಿಂತ ನನಗೆ ಸಂಕಟ ಆಗುವುದು ಸದ್ದಿನ ವಿಷಯದಲ್ಲಿ. ನಮ್ಮ ಕಿವಿಗೆ ಬೀಳದಷ್ಟು ಕೆಳಗಿನ ಸ್ವರದಲ್ಲಿ ಆನೆಗಳು ಮಾತಾಡಿಕೊಳ್ಳುತ್ತವೆ. ನೆಲದ ಕಂಪನವನ್ನು ಪಾದದಲ್ಲೇ ಹಿಡಿಯುತ್ತವೆ. ಅಂಥ ಪ್ರಾಣಿ ಬೆಚ್ಚಬಾರದು ಅಂತ ಮೊದಲೇ ಕುಶಾಲತೋಪು, ಅಂದರೆ ಫಿರಂಗಿ ಹಾರಿಸಿ ತಾಲೀಮು ಕೊಡುತ್ತಾರೆ. ಮಾವುತ, ಅವನ ಸಹಾಯಕ ಕಾವಾಡಿ ಪಕ್ಕದಲ್ಲೇ ನಿಂತು ಸಮಾಧಾನ ಮಾಡುತ್ತಾರೆ, ಅವರ ಪ್ರೀತಿ ಸುಳ್ಳಲ್ಲ. ಆದರೂ 2024ರ ಸೆಪ್ಟೆಂಬರಿನಲ್ಲಿ ಧನಂಜಯ ಕಂಜನ್‌ನನ್ನು ಅಟ್ಟಿಸಿಕೊಂಡು ಅರಮನೆ ಆವರಣ ಬಿಟ್ಟು ರಸ್ತೆಗೇ ಬಂದ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

[ದೃಶ್ಯ: ನೆಡುತೋಪಿನ ನಡುವೆ ಅರ್ಜುನನ ಸಮಾಧಿ]

ಇದು ನಮ್ಮ ಯಸಳೂರು ಕಡೆಯ ದಬ್ಬಳ್ಳಿಕಟ್ಟೆ. ಅರ್ಜುನ 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತ. 60 ಆಯಿತು ಅಂತ 2020ರಿಂದ ಅಂಬಾರಿ ಅಭಿಮನ್ಯುವಿಗೆ ಹೋಯಿತು. ಹೊರೆ ಹೊರಲು ವಯಸ್ಸಾಯಿತು ಅಂದ ಆನೆಯನ್ನೇ ಕಾಡಾನೆ ಹಿಡಿಯಲು ಇಲ್ಲಿಗೆ ಕರೆತಂದರು. 2023ರ ಡಿಸೆಂಬರ್ 4ರಂದು ಕಾಡಾನೆಯ ಜೊತೆ ಕಾದಾಡಿ ಇಲ್ಲೇ ಸತ್ತ. ಊರಿನವರು ಅತ್ತರು. ನನಗೆ ಇವತ್ತಿಗೂ ಇದು ನುಂಗಲಾಗದ ತುತ್ತು.

ಹಾಗಂತ ದಸರಾ ಬೇಡ ಅಂತ ನಾನು ಹೇಳುವುದಿಲ್ಲ. ಹಿಡಿದ ಆನೆಯನ್ನು ಸುಮ್ನೆ ಕಾಡಿಗೆ ಬಿಟ್ಟರೆ ಮತ್ತೆ ಯಾರದೋ ಗದ್ದೆಗೆ ಬರಬಹುದು, ಅದೂ ಗೊತ್ತು. ಆನೆ ನಡೆಯಲಿ, ಭಾರ ಬೇಡ ಅನ್ನುತ್ತೇನೆ. ಅಂಬಾರಿ ರಥದ ಮೇಲೆ ಬರಲಿ. ಸಂಪ್ರದಾಯ ಅಂತೀರಾ? ಮೊದಲು ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದರು, ಈಗ ತಾಯಿ ಚಾಮುಂಡೇಶ್ವರಿ. ಒಮ್ಮೆ ಬದಲಾಗಿದೆ ಅಲ್ವಾ?

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಸರ್ಕಸ್‌ನಲ್ಲಿ ಹುಲಿ, ಸಿಂಹ, ಕರಡಿ, ಕೋತಿ ಆಡಿಸುವುದು ನಿಂತು ವರ್ಷಗಳಾದವು. ಕೇರಳದ ತ್ರಿಶೂರು ಜಿಲ್ಲೆಯ ಒಂದು ದೇವಸ್ಥಾನ 2023ರಲ್ಲೇ ನಿಜವಾದ ಆನೆಯ ಬದಲು ಯಂತ್ರದ ಆನೆ ತಂದಿದೆ.

ನಿಮ್ಮೂರಿನಲ್ಲಿ ಹಿಡಿದ ಆನೆ ಈಗ ಯಾವ ಕ್ಯಾಂಪಿನಲ್ಲಿದೆ? ಗೊತ್ತಿದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ. ಮುಂದಿನ ತಿಂಗಳು ಒಂದೊಂದನ್ನೇ ಹುಡುಕಿಕೊಂಡು ಹೋಗುತ್ತೇನೆ.